ಟೆಂಡರಿನ ಅಡಿಕೆ, ಟೆಂಡರಿಲ್ಲದ ಕುಸುರಿ: ಯಲ್ಲಾಪುರ, ಶಿರಸಿ, ಸಿದ್ದಾಪುರದಲ್ಲಿ ಮೂರು ದಿನ

ಸೆಪ್ಟೆಂಬರ್ ತಿಂಗಳ ಕೊನೆಯ ವಾರವೆಂದರೆ ಲೆಕ್ಕಪರಿಶೋಧಕರ ಮನೆಯಲ್ಲಿ ನವರಾತ್ರಿಯೂ ಇಲ್ಲ, ನಿದ್ರೆಯೂ ಇಲ್ಲ. 2025ರಲ್ಲಿ ಮಾತ್ರ ಕೇಂದ್ರ ನೇರ ತೆರಿಗೆ ಮಂಡಳಿಯು ತೆರಿಗೆ ಲೆಕ್ಕಪರಿಶೋಧನಾ ವರದಿಯ ಗಡುವನ್ನು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ ಮುಂದೂಡಿತು. ಸಮಯ ಸಿಕ್ಕಿತೆಂದು ಕಕ್ಷಿದಾರರು ಕಾಗದಪತ್ರ ಕೊಡುವುದನ್ನೂ ಒಂದು ತಿಂಗಳು ಮುಂದೂಡಿದರು. ಅದು ಬೇರೆ ಮಾತು. ವಿಜಯದಶಮಿ ಕಳೆದ ನಂತರದ ವಾರದಲ್ಲಿ ಮೂರು ದಿನಗಳ ಬಿಡುವು ದೊರೆತು, ನಾನೂ ನನ್ನ ಶ್ರೀಮತಿಯೂ ಹುಬ್ಬಳ್ಳಿಯಿಂದ ಕಾರಿನಲ್ಲಿ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಕಡೆ ಹೊರಟೆವು. ಜಲಪಾತಗಳ ವರ್ಣನೆಗೆ ಈ ಪತ್ರಿಕೆಯಲ್ಲಿ ಸ್ಥಳವಿಲ್ಲ. ಮಾಗೋಡು, ಸಾತೊಡ್ಡಿಗಳನ್ನು ಸದಸ್ಯ ಬಾಂಧವರು ಬಲ್ಲರು. ಆ ಮೂರು ತಾಲ್ಲೂಕುಗಳಲ್ಲಿ ಸರಕಿಗೆ ಬೆಲೆ ಹೇಗೆ ಕಟ್ಟಲಾಗುತ್ತದೆ, ಯಾರು ಕಟ್ಟುತ್ತಾರೆ ಎಂಬ ಒಂದೇ ವಿಷಯವನ್ನು ಕುರಿತು ಬರೆಯುತ್ತಿದ್ದೇನೆ. ವ್ಯಾಪಾರಿಗೂ ಸಣ್ಣ ಉದ್ದಿಮೆದಾರನಿಗೂ ಅದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲವಷ್ಟೆ.

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎನ್ನುತ್ತಿದ್ದುದು ಈಗ 52 ಆಗಿದೆ. ದಾರಿಯಲ್ಲಿ ಕಲಘಟಗಿ. ಅಲ್ಲಿಯ ಬಣ್ಣದ ತೊಟ್ಟಿಲು ನಮ್ಮ ಭಾಗದ ಹಳೆಯ ಮನೆತನಗಳಿಗೆಲ್ಲ ಪರಿಚಿತ. ಸಾಗವಾನಿ ಹಲಗೆಯ ಮೇಲೆ ಪುರಾಣದ ಚಿತ್ರಗಳನ್ನು ಬರೆದು ಅರಗಿನ ಹೊಳಪು ಕೊಟ್ಟ ತೊಟ್ಟಿಲು ತಲೆಮಾರುಗಳ ಕಾಲ ಬಾಳುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅದರ ಕಷ್ಟವೂ ಅದೇ. ಒಮ್ಮೆ ಕೊಂಡ ಮನೆಯವರು ಮತ್ತೆ ಕೊಳ್ಳುವುದಿಲ್ಲ. ಮೊಮ್ಮಗನಿಗೂ ಅದೇ ತೊಟ್ಟಿಲು. ಈ ಕಸುಬನ್ನು ಇಂದು ಉಳಿಸಿಕೊಂಡು ಬಂದಿರುವ ಕುಟುಂಬಗಳು ಬೆರಳೆಣಿಕೆಯಷ್ಟು.

ಕವಂದಿಯ ಲೆಕ್ಕ

ಯಲ್ಲಾಪುರ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಹೆಣ್ಣುಮಕ್ಕಳು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಹೊಲಿಯುವ ಕೌದಿಗೆ ಅವರ ಮಾತಿನಲ್ಲಿ ಕವಂದಿ ಎಂದು ಹೆಸರು. ನಮ್ಮ ಬಯಲುಸೀಮೆಯ ಕೌದಿಗಿಂತ ಇದರ ಕ್ರಮ ಬೇರೆ. ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ಒಳಕ್ಕೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಇಡುವ 'ಫುಲ' ಇಲ್ಲದಿದ್ದರೆ ಕವಂದಿ ಮುಗಿಯಿತೆಂದು ಯಾರೂ ಒಪ್ಪುವುದಿಲ್ಲ. ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಕಲೆಯನ್ನು ಕುರಿತು ಅಧ್ಯಯನ ನಡೆಸಿದ ಮೇಲೆ ಇದರ ಹೆಸರು ಹೊರದೇಶಗಳಿಗೂ ಹೋಯಿತು.

ಜಗಲಿಯಲ್ಲಿ ಹೊಲಿಯುತ್ತ ಕುಳಿತಿದ್ದ ಮಹಿಳೆಯೊಬ್ಬರೊಡನೆ ನನ್ನ ಶ್ರೀಮತಿ ಮಾತಿಗಿಳಿದಳು. "ಇಷ್ಟು ದೊಡ್ಡದಕ್ಕೆ ಎಷ್ಟು ದಿನ ಹಿಡಿಯುತ್ತದೆ ತಂಗಿ?" ಎಂದು ಕೇಳಿದಾಗ ಆಕೆ, "ಕೂಲಿ ಇಲ್ಲದ ದಿನ, ಮಧ್ಯಾಹ್ನದ ಮೇಲೆ ಕೂತರೆ ಒಂದು ತಿಂಗಳಾಗ್ತದೆ ಅಕ್ಕಾ" ಎಂದರು. ಬೆಲೆ ಎಷ್ಟೆಂದು ಕೇಳಿದ್ದಕ್ಕೆ ಉತ್ತರ, "ನೀವೇ ಹೇಳಿ."

ಈ "ನೀವೇ ಹೇಳಿ" ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲೋಣ. ದಿನಕ್ಕೆ 4 ಗಂಟೆಯಂತೆ 30 ದಿನವೆಂದರೆ 120 ಗಂಟೆ. 8 ಗಂಟೆಯ ದಿನಗಳ ಲೆಕ್ಕದಲ್ಲಿ 15 ದಿನಗಳ ದುಡಿಮೆ. ಕರ್ನಾಟಕದಲ್ಲಿ 2025-26ನೇ ಸಾಲಿಗೆ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂ. ಕೌಶಲ್ಯಕ್ಕೆ ಬೆಲೆಯನ್ನೇ ಕಟ್ಟದೆ, ಮಣ್ಣು ಅಗೆಯುವ ಕೂಲಿಯ ದರದಲ್ಲಿ ಎಣಿಸಿದರೂ 5,550 ರೂ. ಆಗುತ್ತದೆ. ನೂಲಿನ ವೆಚ್ಚ, ಹೊಸ ಬಟ್ಟೆ ಸೇರಿಸಿದ್ದರೆ ಅದರ ವೆಚ್ಚ, ಲಾಭ ಇವು ಯಾವುವೂ ಇದರಲ್ಲಿ ಸೇರಿಲ್ಲ. ನಾನು ಡೈರಿಯ ಹಾಳೆಯಲ್ಲಿ ಬರೆದು ತೋರಿಸಿದಾಗ ಆ ಮಹಿಳೆ ನಕ್ಕುಬಿಟ್ಟರು. ಬಂದವರು ಇದರ ಮೂರರಲ್ಲೊಂದು ಪಾಲು ಕೊಟ್ಟರೆ ಹೆಚ್ಚು ಎಂದರು. ಕೊಡುವವರು ಕೆಟ್ಟವರೆಂದು ನಾನು ಹೇಳಲಾರೆ. ಹಳೆಯ ಸೀರೆಯ ತುಂಡಿಗೆ ಎಷ್ಟು ಕೊಡಬೇಕೆಂದು ಅವರಿಗೂ ತಿಳಿಯದು. ಬೆಲೆಯನ್ನು ಹೇಳುವ ಮೂರನೆಯವನು ಅಲ್ಲಿ ಇಲ್ಲವೇ ಇಲ್ಲ.

ಮೂರನೆಯವನಿರುವ ಸ್ಥಳ

ಯಲ್ಲಾಪುರದಿಂದ ಮಂಚಿಕೇರಿಯ ಮೇಲೆ ಸುಮಾರು 50 ಕಿ.ಮೀ. ಬಂದರೆ ಶಿರಸಿ. ಇಲ್ಲಿ ಅಡಿಕೆಗೆ ಆ ಮೂರನೆಯವನಿದ್ದಾನೆ, ಅದೂ ನೂರು ವರ್ಷಗಳಿಗೂ ಮಿಗಿಲಾಗಿ. ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಎಲ್ಲರ ಬಾಯಲ್ಲಿರುವ ಟಿ.ಎಸ್.ಎಸ್., 1923ರಲ್ಲಿ ಸ್ಥಾಪನೆಗೊಂಡಿತು. ಅದಕ್ಕೂ ಮುಂಚೆ ಬೆಳೆಗಾರನು ಮಳೆಗಾಲದ ಖರ್ಚಿಗೆ ಸಾಲ ತಂದ ಸಾಹುಕಾರನಿಗೇ ಬೆಳೆಯನ್ನು ಒಪ್ಪಿಸುವ ಪದ್ಧತಿಯಿತ್ತು. ಸಾಲ ಕೊಟ್ಟವನೇ ತೂಗುವವನು, ತೂಗುವವನೇ ದರ ಹೇಳುವವನು. ಸಂಘವು ಮಾಡಿದ ಕೆಲಸವೆಂದರೆ ಈ ಮೂರು ಕೈಗಳನ್ನು ಬೇರೆಬೇರೆ ಮಾಡಿದ್ದು.

ನಾವು ಹೋದಾಗ ಹೊಸ ಕೊನೆಕೊಯ್ಲು ಇನ್ನೂ ಬಿರುಸಾಗಿರಲಿಲ್ಲ. ಹಿಂದಿನ ಹಂಗಾಮಿನ ದಾಸ್ತಾನು ಅಂಗಳಕ್ಕೆ ಬರುತ್ತಿತ್ತು. ಹಣ್ಣಡಿಕೆಯನ್ನು ಸಿಪ್ಪೆಸಹಿತ ತಿಂಗಳಿಗೂ ಹೆಚ್ಚು ಕಾಲ ಬಿಸಿಲಿನಲ್ಲಿ ಒಣಗಿಸಿ ಸುಲಿದದ್ದು ಚಾಲಿ. ಎಳೆಯದನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದ ಕೆಂಪಡಿಕೆಯಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ. ಇವುಗಳ ಕೆಳಗೆ ಕೆಂಪುಗೋಟು, ಬಿಳಿಗೋಟು, ಕೋಕಾ. ಒಂದೇ ಮರದ ಫಲಕ್ಕೆ ಇಷ್ಟು ಹೆಸರುಗಳಿರುವುದು ಕವಿತ್ವಕ್ಕಾಗಿ ಅಲ್ಲ. ಪ್ರತಿ ಹೆಸರಿಗೂ ಒಂದು ದರವಿದೆ, ರಾಶಿಗೂ ಚಾಲಿಗೂ ನಡುವೆಯೇ ಕ್ವಿಂಟಲಿಗೆ ಸಾವಿರಾರು ರೂಪಾಯಿಗಳ ಅಂತರ ಬೀಳುತ್ತದೆ. ಪ್ರತಿ ಬೆಳೆಗಾರನ ಮಾಲನ್ನು ಪ್ರತ್ಯೇಕ ಲಾಟಾಗಿ ಸುರಿದು ಸಂಖ್ಯೆ ಹಚ್ಚಿರುತ್ತಾರೆ. ವ್ಯಾಪಾರಸ್ಥರು ಲಾಟಿನಿಂದ ಲಾಟಿಗೆ ನಡೆಯುತ್ತ ಒಂದು ಹಿಡಿ ಎತ್ತಿ ನೋಡಿ, ಒಂದನ್ನು ಒಡೆದು ಒಳಗಿನ ಬಣ್ಣ ಪರೀಕ್ಷಿಸಿ, ತಮ್ಮ ದರವನ್ನು ಗುಟ್ಟಾಗಿ ನಮೂದಿಸುತ್ತಾರೆ. ಟೆಂಡರ್ ತೆರೆದ ಮೇಲೆ ಹೆಚ್ಚು ಬರೆದವನಿಗೆ ಮಾಲು. ಬೆಳೆಗಾರನ ಲೆಕ್ಕಕ್ಕೆ ಹಣ, ಸಂಘಕ್ಕೆ ಕಮಿಷನ್. ಮರುದಿನದ ಪತ್ರಿಕೆಯಲ್ಲಿ ದರ. ಹತ್ತು ಗುಂಟೆ ತೋಟದವನಿಗೂ ಹತ್ತು ಎಕರೆಯವನಿಗೂ ಅದೇ ಅಂಗಳ. ಸಿದ್ದಾಪುರದ ಟಿ.ಎಂ.ಎಸ್. ಮತ್ತು ಯಲ್ಲಾಪುರದ ಅಂಗಳಗಳಲ್ಲೂ ಇದೇ ಟೆಂಡರ್ ಕ್ರಮ.

'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಅದರ ವ್ಯಾಪ್ತಿ ನಮ್ಮ ಪ್ರವಾಸದ ವ್ಯಾಪ್ತಿಯೇ: ಶಿರಸಿ, ಸಿದ್ದಾಪುರ, ಯಲ್ಲಾಪುರ. 2023ರ ಫೆಬ್ರುವರಿಯಲ್ಲಿ ಕೇಂದ್ರವು ಅಡಿಕೆಯ ಕನಿಷ್ಠ ಆಮದು ದರವನ್ನು ಕೆ.ಜಿ.ಗೆ 251 ರೂ.ನಿಂದ 351 ರೂ.ಗೆ ಏರಿಸಿದ್ದು ಕೂಡ ಇಂತಹ ಸಂಘಟಿತ ಬೆಳೆಗಾರರ ಧ್ವನಿ ದೆಹಲಿಯವರೆಗೆ ಕೇಳಿಸಿದ್ದರಿಂದಲೇ ಎಂದು ನನ್ನ ಅಭಿಪ್ರಾಯ.

ಹಾಗೆಂದು ಅಡಿಕೆಯ ಭವಿಷ್ಯ ಭದ್ರವೆಂದು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕವು 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೋಟಗಳನ್ನು ಕಾಡುತ್ತಿದೆ. ಒಂದೇ ಬೆಳೆಯ ಮೇಲೆ ಮೂರು ತಾಲ್ಲೂಕುಗಳ ಆಸ್ತಿಪಟ್ಟಿ ನಿಂತಿರುವಾಗ, ಬೇರೆ ಸರಕುಗಳು ಯಾವ ಸ್ಥಿತಿಯಲ್ಲಿವೆ ಎಂದು ನೋಡುವುದು ಕೇವಲ ಪ್ರವಾಸಿಗರ ಕುತೂಹಲವಾಗಿ ಉಳಿಯುವುದಿಲ್ಲ.

ಗುಡಿಗಾರರ ಉಳಿ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲೆ ಕೆಮ್ಮಣ್ಣಿನ ಬಣ್ಣದ ಕಾವಿ ಚಿತ್ರಗಳಿವೆ. ಒಳಗೆ ಆಳೆತ್ತರಕ್ಕೂ ಮಿಗಿಲಾದ ದಾರುವಿಗ್ರಹ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಮರದ ದೇವಿ, ಮರದ ರಥ, ಬೆಂಡಿನ ಅಲಂಕಾರ, ಇವೆಲ್ಲ ಗುಡಿಗಾರರ ಕಸುಬಿಗೆ ಸೇರಿದವು. ಶಿರಸಿ, ಸಿದ್ದಾಪುರ, ಸಾಗರ, ಸೊರಬ, ಕುಮಟಾ, ಹೊನ್ನಾವರಗಳಲ್ಲಿ ನೆಲೆಸಿರುವ ಈ ಸಮುದಾಯದ ಶ್ರೀಗಂಧದ ಕೆತ್ತನೆಯನ್ನು 1883ರ ಮುಂಬಯಿ ಪ್ರಾಂತದ ಗೆಜೆಟಿಯರ್ ಕೂಡ ಗುರುತಿಸಿದೆ. ಪೆಟ್ಟಿಗೆ, ಬೀಸಣಿಗೆ, ದೇವರ ಮೂರ್ತಿ, ಮದುವೆಯ ಬಾಸಿಂಗ, ಯಕ್ಷಗಾನದ ಕಿರೀಟ, ಭುಜಕೀರ್ತಿ: ಉತ್ತರ ಕನ್ನಡದಲ್ಲಿ ಹುಟ್ಟು, ಮದುವೆ, ಹಬ್ಬ, ಆಟ ಯಾವುದೂ ಇವರ ಕೈ ಮುಟ್ಟದೆ ಸಾಗುತ್ತಿರಲಿಲ್ಲ.

ಹಿರಿಯ ಕೆತ್ತನೆಗಾರರೊಬ್ಬರ ಮನೆಯ ಮುಂಗಟ್ಟಿನಲ್ಲಿ ನಾವು ಅರ್ಧ ದಿನ ಕಳೆದೆವು. ಅವರು ಕೈಗೆತ್ತಿಕೊಂಡಿದ್ದದ್ದು ಶಿವಣೆ ಮರದ ಒಂದು ಪ್ರಭಾವಳಿ. ಶ್ರೀಗಂಧದ ಕೆಲಸ ಬಂದಾಗ ಮಾಡುತ್ತಾರೆ, ಆದರೆ ಅಪರೂಪ. ಗಂಧದ ತುಂಡನ್ನು ತೂಗಿ ತಂದು, ಮುಗಿದ ಮೂರ್ತಿಯನ್ನು ತೂಗಿ, ಉದುರಿದ ಚಕ್ಕೆಯನ್ನೂ ಹುಡಿಯನ್ನೂ ತೂಗಿ ಇಡುತ್ತಾರೆ; ಹುಡಿಗೂ ಬೆಲೆಯಿದೆ, ಹುಡಿಗೂ ಲೆಕ್ಕ ಹೇಳಬೇಕು. ನಮ್ಮ ಎಷ್ಟೋ ಕಾರ್ಖಾನೆಗಳಲ್ಲಿ ಕಾಣದ ಕಚ್ಚಾಮಾಲಿನ ನಷ್ಟದ ಲೆಕ್ಕವನ್ನು ಅವರ ಹಳೆಯ ವಹಿಯಲ್ಲಿ ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಗಂಧದ ಮರ ಬಹುಕಾಲ ಎಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿತ್ತು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಮರಕ್ಕೆ ಜಮೀನುದಾರನೇ ಒಡೆಯನಾದನು. ಆದರೆ ಕಡಿಯುವುದು, ಸಾಗಿಸುವುದು, ಮಾರುವುದು ಅನುಮತಿಯ ಚೌಕಟ್ಟಿನೊಳಗೇ ಉಳಿದಿವೆ. ತೋಟದವನಿಗೆ ಗಂಧ ಬೆಳೆಯಲು ಉತ್ಸಾಹ ಬಂದಿರಬಹುದು, ಉಳಿ ಹಿಡಿದವನಿಗೆ ತುಂಡು ಸುಲಭವಾಗಿ ಸಿಗುವ ದಿನ ಇನ್ನೂ ಬಂದಂತಿಲ್ಲ. ಬಾಸಿಂಗದ ಬೆಂಡಿನದು ಇನ್ನೊಂದು ಕಥೆ. ಅದು ಕೆರೆಯ ನೀರಿನಲ್ಲಿ ಬೆಳೆಯುವ ಗಿಡ. ಕೆರೆ ಹೂಳಿದಂತೆ ಬೆಂಡು ದೂರವಾಗುತ್ತದೆ. ಅಷ್ಟರಲ್ಲಿ ಥರ್ಮಾಕೋಲ್ ಹತ್ತಿರ ಬಂದಿದೆ.

"ಮಕ್ಕಳು ಕಲಿತಿದ್ದಾರೆಯೇ?" ಎಂದು ಕೇಳಿದೆ. "ದೊಡ್ಡವ ಕಲ್ತಿದ್ದ ರಾಯರೇ, ಕೈ ಚಲೋ ಇತ್ತು. ಈಗ ಬೆಂಗಳೂರಲ್ಲಿ ಕೆಲಸ" ಎಂದರು. ನಿಟ್ಟುಸಿರು ಬಿಡಲಿಲ್ಲ, ದೂರಲೂ ಇಲ್ಲ. ಉಳಿಯ ಮೊನೆಯನ್ನು ಕಲ್ಲಿಗೆ ತಿಕ್ಕುತ್ತಲೇ ಹೇಳಿದರು. ತಿಂಗಳ ಕೊನೆಗೆ ಇಷ್ಟು ಎಂದು ಬರುವ ಸಂಬಳದ ಎದುರು, ಮೂರ್ತಿ ಮುಗಿದ ಮೇಲೆ ಗಿರಾಕಿಯು "ಸ್ವಲ್ಪ ನೋಡಿ ಮಾಡಿ" ಎನ್ನುವ ಆದಾಯವನ್ನು ಯಾವ ಮಗ ಆರಿಸಿಯಾನು? ಅಡಿಕೆಯಲ್ಲಿ ರಾಶಿ ಬೇರೆ, ಕೋಕಾ ಬೇರೆ ಎಂದು ಪೇಟೆ ಒಪ್ಪಿಕೊಂಡಿದೆ. ಕೆತ್ತನೆಯಲ್ಲಿ ಮೂವತ್ತು ವರ್ಷದ ಕೈಗೂ ಮೂರು ತಿಂಗಳ ಯಂತ್ರದ ಕೆಲಸಕ್ಕೂ ಬೇರೆ ಹೆಸರಿಲ್ಲ. ಎರಡೂ 'ಮರದ ಗೊಂಬೆ'.

ತೆರಿಗೆಯ ಮಾತು ಇಲ್ಲಿ ಅಗತ್ಯ. ಕೆತ್ತನೆಯ ಮರದ ಕರಕುಶಲ ವಸ್ತುಗಳ ಮೇಲೆ ಶೇ. 12 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರದಿದ್ದರೆ ರಾಜ್ಯದೊಳಗಿನ ಮಾರಾಟಕ್ಕೆ ನೋಂದಣಿಯೇ ಬೇಡ. ಹೊರರಾಜ್ಯಕ್ಕೆ ಕಳುಹಿಸಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದರೆ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ 20 ಲಕ್ಷ ರೂ.ವರೆಗೆ ವಿನಾಯಿತಿಯಿದೆ, ಪ್ಯಾನ್ ಮತ್ತು ಇ-ವೇ ಬಿಲ್ ಇದ್ದರಾಯಿತು. ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕೆಂಬುದನ್ನು ಮರೆಯಬಾರದು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ಮಾರಾಟಗಾರರೂ ಆನ್‌ಲೈನ್ ಮಾರಾಟ ಸಂಸ್ಥೆಗಳ ಮೂಲಕ ರಾಜ್ಯದೊಳಗೆ ಮಾರಬಹುದಾಗಿದೆ. ಇದನ್ನು ಆ ಹಿರಿಯರಿಗೆ ಯಾರೂ ಹೇಳಿರಲಿಲ್ಲ, "ದಿಲ್ಲಿ ಗಿರಾಕಿ ಕೇಳಿದ್ದ, ಜಿ.ಎಸ್.ಟಿ. ಇಲ್ಲ ಅಂತ ಬಿಟ್ಟೆ" ಎಂದರು. ಕವಂದಿಯಂತಹ ವಸ್ತುವನ್ನು ಕಳುಹಿಸುವವರು ಅದು ಯಾವ ಶೀರ್ಷಿಕೆಯಡಿ ಬರುತ್ತದೆಂದು ಮೊದಲೇ ಪರಿಶೀಲಿಸಿಕೊಳ್ಳುವುದು ಒಳಿತು. ಪಟ್ಟಿಯ ಹೊರಗಿದ್ದರೆ ವಿನಾಯಿತಿ ಅನ್ವಯಿಸದು.

ಮುರುಗಲಿನ ಬಾಟಲಿ

ಮೂರನೆಯ ದಿನ ಸಿದ್ದಾಪುರ. ಗುಡ್ಡ ಇಳಿದು ಒಂದು ತೋಟದ ಮನೆಗೆ ಹೋದೊಡನೆ ಕೈಗೆ ಬಂದದ್ದು ಮುರುಗಲಿನ ಪಾನಕ, ದ್ರಾಕ್ಷಾರಸವನ್ನು ನಾಚಿಸುವ ಬಣ್ಣದ್ದು. ನನ್ನ ಶ್ರೀಮತಿ ಲೋಟವನ್ನು ಬೆಳಕಿಗೆ ಹಿಡಿದು, "ಇದನ್ನೇ ಇವರು ವೈನ್ ಮಾಡಿ ಯಾಕೆ ಮಾರಬಾರದು? ನಂದಿಬೆಟ್ಟದ ಕಡೆ ದ್ರಾಕ್ಷಿಯವರು ಮಾಡುವುದಿಲ್ಲವೇ?" ಎಂದು ಕೇಳಿದಳು. ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ಕಕ್ಷಿದಾರರು ಇಷ್ಟು ನೇರವಾದ ಪ್ರಶ್ನೆ ಕೇಳಿದ್ದು ಕಡಿಮೆ.

ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಬಿದ್ದರೆ ಹಣ್ಣು ಕೊಳೆಯಿತು. ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ರಸ ತೆಗೆಯುತ್ತಾರೆ, ಒಣಗಿಸಿದ ಸಿಪ್ಪೆ ಸಾರಿಗೆ, ಬೀಜದಿಂದ ಮುರುಗಲು ತುಪ್ಪ. ಅದರ ದಾಯಾದಿ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲೇ, ಬೆಂಕಿಯ ಮೇಲೆ ಒಣಗಿಸಬೇಕು, ಕಾಡಿನ ಸೌದೆ ಅದಕ್ಕೆ ಆಹುತಿ. ಬನವಾಸಿಯ ಕಡೆ ಅನಾನಸ್ ಲಾರಿಯಲ್ಲಿ ಹೊರಟುಹೋಗುತ್ತದೆ. ಹಣ್ಣಿನ ಕೊರತೆಯಂತೂ ಈ ಸೀಮೆಗೆ ಇಲ್ಲ.

ಕರ್ನಾಟಕವು 2007ರಲ್ಲಿ ವೈನ್ ನೀತಿಯನ್ನು ತಂದು ಮಂಡಳಿಯನ್ನೂ ರಚಿಸಿತು. ಆ ನೀತಿಯ ಹೆಸರೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ನಂದಿಬೆಟ್ಟದ ತಪ್ಪಲು, ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಬೆಳೆಗಾರರನ್ನು ಮುಂದಿಟ್ಟುಕೊಂಡೇ ಅದು ರೂಪುಗೊಂಡಿತು. ಮಲೆನಾಡಿನ ಕಾಡುಹಣ್ಣು ಅದರ ಕಣ್ಣ ಮುಂದೆ ಇರಲಿಲ್ಲ. ಸಂವಿಧಾನದ 366(12ಎ) ವಿಧಿಯು ಮಾನವ ಸೇವನೆಯ ಮದ್ಯವನ್ನು ಜಿ.ಎಸ್.ಟಿ.ಯ ಹೊರಗಿಟ್ಟಿದೆ. ಇದರ ಫಲವನ್ನು ಸಣ್ಣ ಉದ್ದಿಮೆದಾರರು ಗಮನಿಸಬೇಕು. ಪಾನಕ ಮಾಡುವವನು ಗಾಜಿನ ಬಾಟಲಿ, ಯಂತ್ರ, ಲೇಬಲುಗಳ ಮೇಲೆ ತೆತ್ತ ಶೇ. 18ರ ತೆರಿಗೆಯನ್ನು ನೋಂದಣಿ ಇದ್ದರೆ ಜಮೆಯಾಗಿ ಪಡೆಯುತ್ತಾನೆ. ವೈನ್ ಮಾಡುವವನಿಗೆ ಆ ಜಮೆ ಇಲ್ಲ, ತೆತ್ತದ್ದೆಲ್ಲ ವೆಚ್ಚ. ಮೇಲೆ ರಾಜ್ಯದ ಅಬಕಾರಿ ಪರವಾನಗಿ, ಅದರ ಶುಲ್ಕ, ದಾಸ್ತಾನು, ತಪಾಸಣೆ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದ ತಯಾರಿಕೆ ಅಪರಾಧ. ಎರಡು ತಿಂಗಳ ಹಂಗಾಮಿನ ಹಣ್ಣಿಗಾಗಿ ಹನ್ನೆರಡು ತಿಂಗಳ ಪರವಾನಗಿ ಹೊರುವ ಶಕ್ತಿ ಒಂಟಿ ಮನೆಗೆ ಎಲ್ಲಿಂದ ಬರಬೇಕು?

ಈ ಜಿಲ್ಲೆಯ ಗಡಿಯಾಚೆ ಗೋವೆಯವರು ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಪಡೆದರು, 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಸಾರಿತು. ಅದೇ ಗೇರುಹಣ್ಣು ಉತ್ತರ ಕನ್ನಡದಲ್ಲಿ ಬೀಜ ಕಿತ್ತುಕೊಂಡ ಮೇಲೆ ಮರದಡಿಯಲ್ಲೇ ಕೊಳೆಯುತ್ತದೆ. ಮದ್ಯದ ಪರ ನಾನು ವಾದಿಸುತ್ತಿಲ್ಲ; ಇಲ್ಲಿಯ ಅನೇಕ ಮನೆಗಳಲ್ಲಿ ಅದು ಒಪ್ಪಿತವೂ ಅಲ್ಲ, ಆ ತೋಟದ ಯಜಮಾನರೂ ನನ್ನ ಶ್ರೀಮತಿಯ ಪ್ರಶ್ನೆಗೆ ಮುಗುಳ್ನಕ್ಕು ಇನ್ನೊಂದು ಲೋಟ ಪಾನಕ ತುಂಬಿದರಷ್ಟೆ. ಪಾನಕವನ್ನೇ ತೆಗೆದುಕೊಳ್ಳೋಣ. ಹಣ್ಣಿನ ರಸದ ಪೇಯ, ಉಪ್ಪಿನಕಾಯಿಗಳ ಮೇಲಿನ ತೆರಿಗೆಯೂ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಹಣ್ಣು ಕೊಳೆಯುವ ಮುನ್ನ ಒಂದೆಡೆ ಸೇರಿಸಿ, ಹುಳಿ-ಸಿಹಿಯ ಪ್ರಮಾಣ ಅಳೆದು, ದರ್ಜೆಗೊಂದು ಹೆಸರಿಟ್ಟು, ವ್ಯಾಪಾರಿಯ ಮುಂದೆ ಲಾಟಾಗಿ ಇಡುವ ಅಂಗಳವೊಂದು ಬೇಕಾಗಿದೆ. ಅಡಿಕೆಗೆ ಅದನ್ನು 1923ರಲ್ಲೇ ಕಟ್ಟಿದ ಜನ ಇವರು. ಗುಡಿಗಾರರ ಮೂರ್ತಿಗೂ ಸಿದ್ದಿಗಳ ಕವಂದಿಗೂ ವರ್ಷಕ್ಕೆರಡು ಬಾರಿ, ದರ್ಜೆ ಬರೆದು, ಕನಿಷ್ಠ ದರ ನಮೂದಿಸಿ ಟೆಂಡರ್ ಕರೆದರೆ ನಮ್ಮ ಹುಬ್ಬಳ್ಳಿಯ ಉಡುಗೊರೆ ವ್ಯಾಪಾರಿಗಳು, ಹೋಟೆಲಿನವರು ಬರೆಯಲಾರರೇ? ಈ ಪ್ರಸ್ತಾವವನ್ನು ನಮ್ಮ ಸಂಸ್ಥೆಯ ಸಮಿತಿಯ ಮುಂದೆ ಲಿಖಿತವಾಗಿ ಇಟ್ಟಿದ್ದೇನೆ.

ಗೊಟಗೋಡಿಯ ಮೇಲೆ ವಾಪಸು

ಹಿಂದಿರುಗುವಾಗ ಶಿರಸಿ, ಮುಂಡಗೋಡ, ಬಂಕಾಪುರದ ಮೇಲೆ ಬಂದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಇಳಿದೆವು. ದೊಡ್ಡಾಟದ ಕಲಾವಿದರೂ ಚಿತ್ರಕಲಾವಿದರೂ ಆಗಿದ್ದ ದಿವಂಗತ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲಿ, ಹೆದ್ದಾರಿಯ ಬದಿಗೆ. ಕುಂಬಾರ, ಕಮ್ಮಾರ, ಬಡಗಿ, ನೇಕಾರ, ಎತ್ತಿನ ಸಂತೆ: ಉತ್ತರ ಕರ್ನಾಟಕದ ಹಳ್ಳಿಯ ಕಸುಬುಗಳೆಲ್ಲ ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿವೆ. ಕಮ್ಮಾರನ ತೋಳಿನ ನರ ಕೂಡ ಕಾಣುವಂತಹ ಕೆಲಸ. ನೂರಾರು ಕುಟುಂಬಗಳು ಟಿಕೆಟ್ ಕೊಂಡು ಒಳಗೆ ಹೋಗುತ್ತಿದ್ದವು. ಟಿಕೆಟಿನ ದರದಲ್ಲಿ ಯಾರೊಬ್ಬರೂ ಚೌಕಾಶಿ ಮಾಡಲಿಲ್ಲ. ದರವನ್ನು ಫಲಕದ ಮೇಲೆ ಬರೆದು ಹಾಕಿದ್ದರು.

ಹೋಗಬಯಸುವ ಸದಸ್ಯರಿಗೆ ಎರಡು ಮಾತು. ಅಡಿಕೆಯ ಟೆಂಡರ್ ನೋಡಬೇಕಾದರೆ ಡಿಸೆಂಬರ್‌ನಿಂದ ಮುಂದಕ್ಕೆ ಹೋಗಿ, ಅಂಗಳ ತುಂಬಿರುತ್ತದೆ. ಮುರುಗಲು ಕಾಣಬೇಕಾದರೆ ಮೇ ಮೊದಲ ವಾರ. ಕವಂದಿ ಬೇಕಾದವರು ತಿಂಗಳು ಮುಂಚಿತವಾಗಿ ಹೇಳಬೇಕು. ನಮ್ಮದನ್ನು ನನ್ನ ಶ್ರೀಮತಿ 5,550 ರೂ.ಗೆ ನೂಲಿನ ಹಣ ಸೇರಿಸಿ, ಪೂರ್ಣ ಮುಂಗಡ ಕೊಟ್ಟು ಹೇಳಿ ಬಂದಿದ್ದಾಳೆ. ಸಂಕ್ರಾಂತಿಯ ಹೊತ್ತಿಗೆ ಯಲ್ಲಾಪುರದ ಬಸ್ಸಿನಲ್ಲಿ ಕಳುಹಿಸುವುದಾಗಿ ಆ ತಂಗಿ ಒಪ್ಪಿದ್ದಾರೆ.